ಮಕ್ಕಳ ಸ್ವಭಾವಕ್ಕೂ ಅಂಕಗಳಿಗೂ ಏನು ನಂಟು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಾಠ ಹೇಳುವ ಕೆಲಸದಲ್ಲಿರುವವಳು. ಅಪ್ಪ ಅಮ್ಮಂದಿರು ಮಾತಾಡಲು ಬಂದಾಗ ಗಣಿತದ ಬಗ್ಗೆಯೋ ವಿಜ್ಞಾನದ ಬಗ್ಗೆಯೋ ಕೇಳುವುದು ಕಮ್ಮಿ. "ಇವನ ಸ್ವಭಾವವೇ ಹೀಗೆ ಮೇಡಂ, ಏನ್ ಮಾಡೋದು" ಅಂತ ಕೇಳುವುದೇ ಜಾಸ್ತಿ. ಹಾಗೆ ಕೇಳಿ ಕೇಳಿ ನಾನೂ ಈ ವಿಷಯದ ಸಂಶೋಧನೆಗಳನ್ನು ಓದಲು ಶುರು ಮಾಡಿದೆ. ಓದಿದ್ದರಲ್ಲಿ ಗಟ್ಟಿಯಾಗಿ ಕಂಡದ್ದು ಯಾವುದು, ಸುಮ್ನೆ ಸದ್ದು ಮಾಡಿದ್ದು ಯಾವುದು ಅಂತ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳು ನನ್ನ ಹತ್ತಿರ ಬಂದ ಹಾಗೇ ಇವೆ, ಕ್ರಮ ಹುಡುಕಬೇಡಿ.

ಸ್ವಭಾವ ಅಂದರೆ ಇಲ್ಲಿ ಏನನ್ನು ಅಳೆಯುತ್ತಾರೆ?

ಒಳ್ಳೆಯವನೋ ಕೆಟ್ಟವನೋ ಅನ್ನುವುದನ್ನಂತೂ ಅಲ್ಲ. ಒಬ್ಬ ಮನುಷ್ಯ ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಹೆಚ್ಚುಕಮ್ಮಿ ಒಂದೇ ಥರ ನಡೆದುಕೊಳ್ಳುತ್ತಾನಲ್ಲ, ಆ ರೀತಿಯನ್ನು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಅನ್ನುವ ಇಬ್ಬರು ಇಂಗ್ಲಿಷ್ ನಿಘಂಟು ಮುಂದಿಟ್ಟುಕೊಂಡು ಕೂತು, ಮನುಷ್ಯರ ನಡವಳಿಕೆಯನ್ನು ಹೇಳುವ ಪದಗಳನ್ನೆಲ್ಲ ಹೆಕ್ಕಿದರು. ಸುಮಾರು 18,000 ಸಿಕ್ಕವು! ಮುಂದೆ ಬಂದವರು ಯಾವ ಗುಣ ಯಾವುದರ ಜೊತೆ ಕಾಣಿಸಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿ ಗುಂಪು ಮಾಡುತ್ತಾ ಹೋದರು. ಐದು ದೊಡ್ಡ ಗುಂಪುಗಳು ಮತ್ತೆ ಮತ್ತೆ ಎದ್ದು ಬಂದವು. ಬಿಗ್ ಫೈವ್ ಅನ್ನುವುದು ಇದನ್ನೇ.

ಐದು ಯಾವುವು ಅಂದರೆ, ಹೊಸದರ ಬಗ್ಗೆ ಕುತೂಹಲ, ಅಚ್ಚುಕಟ್ಟುತನ, ಜನರ ಜೊತೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಆತಂಕಪಡುವ ಗುಣ. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಕಾನ್ಶಿಯೆನ್ಷಿಯಸ್‌ನೆಸ್ ಅಂತ ಬಾಯಿ ತಿರುಗದ ಹೆಸರಿದೆ. ನಾನು ಅಚ್ಚುಕಟ್ಟುತನ ಅಂತಲೇ ಬರೆಯುತ್ತೇನೆ, ಆದರೆ ಅದರಲ್ಲಿ ಬರೀ ಪುಸ್ತಕ ಜೋಡಿಸಿಡುವುದು ಮಾತ್ರ ಇಲ್ಲ. ಹಿಡಿದ ಕೆಲಸ ಮುಗಿಸುವುದು, ಹೇಳಿದ ಹೊತ್ತಿಗೆ ಮಾಡುವುದು, ಮುಂದೇನು ಅಂತ ಮೊದಲೇ ಯೋಚಿಸುವುದು, ಮನಸ್ಸಾದದ್ದನ್ನು ಸ್ವಲ್ಪ ತಡೆದುಕೊಳ್ಳುವುದು, ಎಲ್ಲ ಸೇರಿದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇವು ಡಬ್ಬಿಗಳಲ್ಲ. ಎಲ್ಲರಲ್ಲೂ ಐದೂ ಇರುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಹೆಚ್ಚುಕಮ್ಮಿ. ಎತ್ತರದ ಹಾಗೆ. "ಎತ್ತರದವರು", "ಕುಳ್ಳಗಿನವರು" ಅಂತ ಎರಡು ಜಾತಿ ಇಲ್ಲ, ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ.

ಸರಿ, ಯಾವ ಗುಣ ಇದ್ದರೆ ಅಂಕ ಜಾಸ್ತಿ ಬರುತ್ತದೆ?

ಅಚ್ಚುಕಟ್ಟುತನ. ಇದರಲ್ಲಿ ಹೆಚ್ಚು ಜಗಳವಿಲ್ಲ. 2009ರಲ್ಲಿ ಆರ್ಥರ್ ಪೊರೊಪಾಟ್ ಅನ್ನುವವರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು, ವಿದ್ಯಾರ್ಥಿಗಳ ಒಟ್ಟು ಸಂಖ್ಯೆ 70,000 ದಾಟಿತ್ತು. ಐದು ಗುಣಗಳಲ್ಲಿ ಅಂಕದ ಜೊತೆ ಎದ್ದು ಕಾಣುವ ನಂಟು ಇದ್ದದ್ದು ಇದಕ್ಕೆ. ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ 0.2ರ ಆಸುಪಾಸು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಈ ನಂಟು ಬುದ್ಧಿಮತ್ತೆಯ ನೆರಳಲ್ಲ. ಜಾಣ ಮಕ್ಕಳೇ ಅಚ್ಚುಕಟ್ಟಾಗಿರುತ್ತಾರೆ, ಅದಕ್ಕೇ ಹೀಗೆ ಕಾಣುತ್ತದೆ ಅನ್ನುವ ಅನುಮಾನ ನಿಮಗೂ ಬಂದಿರಬಹುದು. ಹಾಗಲ್ಲ. ಬುದ್ಧಿಮತ್ತೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಅದು ಬಹುಪಾಲು ಹಾಗೇ ಉಳಿಯುತ್ತದೆ.

2022ರಲ್ಲಿ ಸಕಿತ್ ಮಮ್ಮದೊವ್ ಇನ್ನೂ ದೊಡ್ಡ ರಾಶಿ ಹಾಕಿಕೊಂಡು ಕೂತರು. 4 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು. ಬಂದದ್ದು ಅದೇ ಚಿತ್ರ, ನಂಟು ಮಾತ್ರ ಸ್ವಲ್ಪ ಗಟ್ಟಿ, 0.27.

ಎರಡನೇ ಜಾಗ ಕುತೂಹಲದ್ದು, ಆದರೆ ಮೊದಲಿನದಕ್ಕಿಂತ ಸಾಕಷ್ಟು ಹಿಂದೆ. ಹೊಂದಿಕೊಂಡು ಹೋಗುವ ಗುಣದ್ದು ಅದಕ್ಕೂ ಕಮ್ಮಿ. ಜನರ ಜೊತೆ ಬೆರೆಯುವ ಗುಣ, ಆತಂಕ ಇವೆರಡೂ ಸರಾಸರಿ ಲೆಕ್ಕದಲ್ಲಿ ಸೊನ್ನೆಯ ಹತ್ತಿರ ಹತ್ತಿರ ಬರುತ್ತವೆ.

0.27 ಅಂದರೆ ಎಷ್ಟು? ದೊಡ್ಡದಾ ಚಿಕ್ಕದಾ?

ಎರಡೂ. ನೀವು ಏನಕ್ಕೆ ಬಳಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಹೀಗೆ ಯೋಚಿಸಿ. ಅಚ್ಚುಕಟ್ಟುತನದಲ್ಲಿ ಸರಾಸರಿಗಿಂತ ಮೇಲಿರುವ 100 ಮಕ್ಕಳನ್ನು ತೆಗೆದುಕೊಳ್ಳೋಣ. ನಂಟೇ ಇಲ್ಲದಿದ್ದರೆ ಅವರಲ್ಲಿ 50 ಮಕ್ಕಳು ಅಂಕದಲ್ಲೂ ಸರಾಸರಿಗಿಂತ ಮೇಲಿರಬೇಕಿತ್ತು. ನಂಟು 0.27 ಇದ್ದರೆ ಆ ಸಂಖ್ಯೆ ಸುಮಾರು 59 ಆಗುತ್ತದೆ. ಸಾವಿರಾರು ಮಕ್ಕಳ ಲೆಕ್ಕ ಇಡುವವರಿಗೆ ಈ 9 ದೊಡ್ಡದೇ. ಆದರೆ ಉಳಿದ 41 ಮಕ್ಕಳನ್ನೂ ಒಮ್ಮೆ ನೋಡಿ. ಪುಸ್ತಕ ನೀಟಾಗಿದೆ, ಮನೆಗೆಲಸ ತಪ್ಪಿಸಿದ್ದಿಲ್ಲ, ಆದರೂ ಅಂಕ ಸರಾಸರಿಗಿಂತ ಕೆಳಗೆ. ಆಚೆ ಕಡೆ ಚೀಲದಲ್ಲಿ ಪೆನ್ನೂ ಸಿಗದ ಮಕ್ಕಳಲ್ಲೂ 100ಕ್ಕೆ 41 ಜನ ಸರಾಸರಿಗಿಂತ ಮೇಲೆ ಕೂತಿರುತ್ತಾರೆ.

ಅದಕ್ಕೇ "ನಿನ್ನ ಸ್ವಭಾವ ಹೀಗಿದ್ದರೆ ನೀನು ಉದ್ಧಾರ ಆಗಲ್ಲ" ಅಂತ ಯಾರಾದರೂ ಒಂದು ಮಗುವಿಗೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಗುಂಪಿನ ಲೆಕ್ಕವನ್ನು ತಂದು ಒಂದು ಮಗುವಿನ ಹಣೆಗೆ ಅಂಟಿಸುವ ಕೆಲಸ ಅದು.

ಬುದ್ಧಿಗಿಂತ ಶಿಸ್ತೇ ಮುಖ್ಯ ಅಂತ ಎಲ್ಲೋ ಓದಿದ್ದೆ. ನಿಜವಾ?

ಆ ಮಾತು ಬಂದದ್ದು 2005ರ ಒಂದು ಅಧ್ಯಯನದಿಂದ. ಏಂಜೆಲಾ ಡಕ್‌ವರ್ತ್ ಮತ್ತು ಮಾರ್ಟಿನ್ ಸೆಲಿಗ್ಮನ್ ಅಮೆರಿಕದ ಒಂದು ಶಾಲೆಯ ಎಂಟನೇ ತರಗತಿಯ ಮಕ್ಕಳನ್ನು ವರ್ಷದ ಉದ್ದಕ್ಕೂ ಗಮನಿಸಿದರು. ವರ್ಷದ ಕೊನೆಯ ಅಂಕಗಳಲ್ಲಿನ ವ್ಯತ್ಯಾಸವನ್ನು ಐಕ್ಯೂ ಎಷ್ಟು ಹೇಳಿತೋ, ಸ್ವಯಂಶಿಸ್ತು ಅದರ ಎರಡರಷ್ಟಕ್ಕಿಂತ ಹೆಚ್ಚು ಹೇಳಿತು. ಅಧ್ಯಯನ ಚೆನ್ನಾಗಿಯೇ ಇದೆ. ಆದರೆ ಮಕ್ಕಳು ಮೊದಲ ಸುತ್ತಿನಲ್ಲಿ 140, ಎರಡನೆಯದರಲ್ಲಿ 164, ಅಷ್ಟೇ. ಅದೂ ಆಯ್ದು ಸೇರಿಸಿಕೊಳ್ಳುವ ಶಾಲೆ. ಬುದ್ಧಿಯ ಜರಡಿ ಹಿಡಿದು ಒಳಗೆ ಬಿಟ್ಟ ಮೇಲೆ, ಒಳಗಿರುವವರ ನಡುವೆ ಬುದ್ಧಿಯ ವ್ಯತ್ಯಾಸ ಕಮ್ಮಿಯಾಗಿ ಕಾಣುವುದು ಸಹಜ ಅಲ್ವಾ?

ಮಮ್ಮದೊವ್ ಅವರ ದೊಡ್ಡ ಲೆಕ್ಕದಲ್ಲಿ ಬುದ್ಧಿಮತ್ತೆಯ ನಂಟು 0.42, ಅಚ್ಚುಕಟ್ಟುತನದ್ದು 0.27. ಬುದ್ಧಿಯೇ ಮುಂದೆ. ಬುದ್ಧಿಮತ್ತೆ ಮತ್ತು ಐದೂ ಗುಣಗಳು ಒಟ್ಟಾಗಿ ಅಂಕಗಳ ವ್ಯತ್ಯಾಸದಲ್ಲಿ ಶೇ 28ರಷ್ಟನ್ನು ಹೇಳುತ್ತವೆ. ಉಳಿದ ಶೇ 72? ಮನೆಯ ಪರಿಸ್ಥಿತಿ, ಮೇಷ್ಟ್ರು, ನಿದ್ದೆ, ಆರೋಗ್ಯ, ಆ ದಿನದ ಪ್ರಶ್ನೆಪತ್ರಿಕೆ, ಅದೃಷ್ಟ. ಈ 72ರ ಬಗ್ಗೆ ಮಾತಾಡುವವರು ಕಮ್ಮಿ, ಯಾಕೆಂದರೆ ಅದರಲ್ಲಿ ಮಗುವಿಗೆ ಬೈಯಲು ಜಾಗವಿಲ್ಲ.

ಅಚ್ಚುಕಟ್ಟುತನ ಅಂಕ ತರುವುದು ಹೇಗೆ? ಒಳಗೆ ನಡೆಯುವುದೇನು?

ಬಹಳ ಸಪ್ಪೆಯಾದ ದಾರಿಯಲ್ಲಿ. ಮನೆಗೆಲಸ ಮುಗಿದಿರುತ್ತದೆ. ಶಾಲೆ ತಪ್ಪುವುದಿಲ್ಲ. ಪರೀಕ್ಷೆ ಸೋಮವಾರ ಅಂತ ಹಿಂದಿನ ಸೋಮವಾರವೇ ಗೊತ್ತಿರುತ್ತದೆ. ಗೊತ್ತಿಲ್ಲದ್ದನ್ನು ಹಾರಿಸದೆ ಗುರುತು ಹಾಕಿಕೊಂಡು ಮಾರನೇ ದಿನ ಕೇಳುತ್ತಾರೆ. ಒಂದೊಂದೂ ಚಿಕ್ಕದು, ಆದರೆ ಪಾಠದ ಮೇಲೆ ಪಾಠ ಕೂರುವ ಕಡೆ ಚಿಕ್ಕದೂ ಬೆಳೆಯುತ್ತದೆ. ಭಿನ್ನರಾಶಿ ಅರ್ಥವಾಗದೆ ಮುಂದೆ ಹೋದವನಿಗೆ ಬೀಜಗಣಿತ ಬರುವ ಹೊತ್ತಿಗೆ ಎರಡೆರಡು ಸಾಲ.

ಇಲ್ಲಿ ಒಂದು ಸ್ವಾರಸ್ಯ ಇದೆ. ವರ್ಷವಿಡೀ ಶಿಕ್ಷಕರು ಕೊಡುವ ಗ್ರೇಡುಗಳ ಜೊತೆ ಈ ಗುಣದ ನಂಟು ಗಟ್ಟಿ, ಒಂದೇ ದಿನ ಕೂತು ಬರೆಯುವ ಸಾಮರ್ಥ್ಯ ಪರೀಕ್ಷೆಗಳ ಜೊತೆ ಸಡಿಲ. ಅಲ್ಲಿ ಬುದ್ಧಿಮತ್ತೆಯ ಕೈ ಮೇಲು. ಕಾರಣ ಊಹಿಸುವುದು ಕಷ್ಟವಲ್ಲ: ಗ್ರೇಡಿನಲ್ಲಿ ಮನೆಗೆಲಸ, ಪ್ರಾಜೆಕ್ಟು, ತರಗತಿಯ ನಡವಳಿಕೆ ಎಲ್ಲ ಸೇರಿಕೊಂಡಿರುತ್ತದೆ. "ಟೆಸ್ಟಿನಲ್ಲಿ ಸೂಪರ್, ರಿಪೋರ್ಟ್ ಕಾರ್ಡಿನಲ್ಲಿ ಮಾತ್ರ ಯಾಕೆ ಹೀಗೆ" ಅಂತ ತಲೆ ಕೆಡಿಸಿಕೊಳ್ಳುವ ಅಪ್ಪ ಅಮ್ಮ ಒಮ್ಮೆ ಒಪ್ಪಿಸದೇ ಉಳಿದ ಕೆಲಸಗಳ ಪಟ್ಟಿ ತರಿಸಿ ನೋಡಲಿ. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ನನ್ನ ಮಗಳು ತರಗತಿಯಲ್ಲಿ ಬಾಯೇ ಬಿಡುವುದಿಲ್ಲವಂತೆ. ಇದರಿಂದ ಓದು ಹಾಳಾಗುತ್ತದಾ?

ಮೌನ ಒಂದರಿಂದಲೇ ಓದು ಹಾಳಾಗುವುದಿಲ್ಲ. ಮೇಲೆ ಹೇಳಿದ ಹಾಗೆ ಬೆರೆಯುವ ಗುಣಕ್ಕೂ ಅಂಕಕ್ಕೂ ಇರುವ ನಂಟು ಸೊನ್ನೆಯ ಹತ್ತಿರ. ತೀರಾ ಚಿಕ್ಕ ತರಗತಿಗಳಲ್ಲಿ ಮಾತಾಡುವ ಮಕ್ಕಳಿಗೆ ಸ್ವಲ್ಪ ಅನುಕೂಲ ಕಾಣುತ್ತದೆ, ಅಲ್ಲಿ ಕಲಿಯುವುದೇ ಬಾಯಿಮಾತಿನಲ್ಲಿ. ದೊಡ್ಡವರಾದಂತೆ, ಒಬ್ಬರೇ ಕೂತು ಓದುವುದು ಜಾಸ್ತಿಯಾದಂತೆ, ಆ ಅನುಕೂಲ ಕರಗುತ್ತದೆ.

ಆದರೆ ನಾವು ಶಿಕ್ಷಕರು ಇಲ್ಲಿ ತಪ್ಪು ಮಾಡುತ್ತೇವೆ, ನಾನೂ ಮಾಡಿದ್ದೇನೆ. ಕೈ ಎತ್ತುವ ಮಗುವಿಗೆ ಗೊತ್ತಿದೆ, ಎತ್ತದ ಮಗುವಿಗೆ ಗೊತ್ತಿಲ್ಲ ಅಂತ ಅಂದುಕೊಂಡುಬಿಡುತ್ತೇವೆ. ವರ್ಷವಿಡೀ ಮೂಲೆಯಲ್ಲಿ ಕೂತಿದ್ದ ಒಬ್ಬಳ ಉತ್ತರಪತ್ರಿಕೆ ನೋಡಿದಾಗಲೇ ನನಗೆ ಅವಳ ತಲೆಯಲ್ಲಿ ಏನೇನು ಓಡುತ್ತಿತ್ತು ಅಂತ ಗೊತ್ತಾದದ್ದು, ಅಷ್ಟರಲ್ಲಿ ವರ್ಷವೇ ಮುಗಿದಿತ್ತು. ಈಗ ಪ್ರಶ್ನೆ ಕೇಳಿ ಎಲ್ಲರಿಗೂ ಒಂದು ನಿಮಿಷ ಬರೆಯಲು ಬಿಡುತ್ತೇನೆ, ಆಮೇಲೆ ಕೇಳುತ್ತೇನೆ. ಮೌನಿಗಳ ಬಾಯಿಂದಲೂ ಉತ್ತರ ಬರುತ್ತದೆ.

ಮನೆಯಲ್ಲಿ ಪಟಪಟ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದಕ್ಷರವೂ ಆಡುತ್ತಿಲ್ಲ ಅಂದರೆ ಮಾತ್ರ ಅದನ್ನು ಸ್ವಭಾವ ಅಂತ ಬಿಡಬೇಡಿ. ಮಕ್ಕಳ ಮನಃಶಾಸ್ತ್ರಜ್ಞರಿಗೆ ತೋರಿಸಿ.

ಪರೀಕ್ಷೆ ಅಂದರೆ ಬೆವರುತ್ತಾನೆ. ಸ್ವಲ್ಪ ಭಯ ಇದ್ದರೆ ಒಳ್ಳೆಯದು ಅನ್ನುತ್ತಾರಲ್ಲ?

ಸ್ವಲ್ಪ ಚುರುಕು ಒಳ್ಳೆಯದು, ಸರಿ. ಎಲ್ಲರೂ ಇದಕ್ಕೆ ತೋರಿಸುವುದು 1908ರ ಯರ್ಕ್ಸ್ ಮತ್ತು ಡಾಡ್ಸನ್ ಪ್ರಯೋಗವನ್ನು. ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಶಾಕ್ ಕೊಟ್ಟು! ಮಗುವನ್ನು ಹೆದರಿಸಲು ಅದನ್ನು ಸಾಕ್ಷಿ ಹೇಳಿಸುವುದು ಬೇಡ.

ಆತಂಕಪಡುವ ಸ್ವಭಾವ ಬೇರೆ, ಪರೀಕ್ಷೆ ಭಯ ಬೇರೆ. ಮೊದಲನೆಯದಕ್ಕೂ ಅಂಕಕ್ಕೂ ನಂಟು ತೀರಾ ತೆಳು, ಯಾಕೆಂದರೆ ಆತಂಕ ಕೆಲವರನ್ನು ಹೆಚ್ಚು ಓದಿಸುತ್ತದೆ, ಕೆಲವರನ್ನು ಕೂರಲೂ ಬಿಡುವುದಿಲ್ಲ, ಸರಾಸರಿ ತೆಗೆದರೆ ಎರಡೂ ಸೇರಿ ಏನೂ ಕಾಣುವುದಿಲ್ಲ. ಪರೀಕ್ಷೆ ಭಯ ಮಾತ್ರ ನೇರವಾಗಿ ಅಂಕ ಕಡಿಯುತ್ತದೆ. 1988ರಲ್ಲಿ ರೇ ಹೆಂಬ್ರಿ 562 ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದು ಇದನ್ನೇ. ಭಯ ಇಳಿಸಿದರೆ ಅಂಕ ಏರುತ್ತದೆ ಅನ್ನುವುದೂ ಅದರಲ್ಲೇ ಇದೆ. ಒಳಗೆ ಆಗುವುದು ಇಷ್ಟು: ಲೆಕ್ಕವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಜಾಗವನ್ನೇ "ಫೇಲಾದರೆ ಏನು ಗತಿ" ಅನ್ನುವ ಯೋಚನೆ ಬಂದು ಆಕ್ರಮಿಸುತ್ತದೆ. ಲೆಕ್ಕ ಗೊತ್ತಿದ್ದೂ ಕೈ ಓಡುವುದಿಲ್ಲ.

2011ರಲ್ಲಿ ರಮಿರೆಜ್ ಮತ್ತು ಬೈಲಾಕ್ ಒಂದು ಸುಲಭದ ಉಪಾಯ ಪರೀಕ್ಷಿಸಿದರು. ಪರೀಕ್ಷೆಗೆ ಮುಂಚೆ 10 ನಿಮಿಷ ಕೂತು ತನ್ನ ಭಯವನ್ನೇ ಕಾಗದದ ಮೇಲೆ ಬರೆಯುವುದು. ಹೆಚ್ಚು ಹೆದರುವ ಮಕ್ಕಳ ಅಂಕ ಸುಧಾರಿಸಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಪ್ರತಿ ಸಲವೂ ಅಷ್ಟೇ ಚೆನ್ನಾಗಿ ಬಂದಿಲ್ಲ. ಆದರೂ ಖರ್ಚು ಒಂದು ಹಾಳೆ, ಮಾಡಿ ನೋಡಬಹುದು. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು. ಐದು ಸಲ ಬರೆದು ಬಂದವನಿಗೆ ಆರನೆಯದು ಅಷ್ಟು ದೊಡ್ಡ ಭೂತವಾಗಿ ಕಾಣುವುದಿಲ್ಲ.

ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾನೆ, ಸಿಕ್ಕಿದ್ದೆಲ್ಲ ಓದುತ್ತಾನೆ, ಅಂಕ ಮಾತ್ರ ಸುಮಾರು. ಯಾಕೆ?

ಕುತೂಹಲ ಅವನ ದಾರಿಯಲ್ಲಿ ಹೋಗುತ್ತದೆ, ಸಿಲಬಸ್ ಅದರ ದಾರಿಯಲ್ಲಿ. ಕಪ್ಪು ರಂಧ್ರಗಳ ಬಗ್ಗೆ ಎರಡು ಗಂಟೆ ಮಾತಾಡುವ ಮಗುವಿಗೆ ನಾಳೆಯ ಪಾಠದ ಐದು ಪ್ರಶ್ನೆಗಳಿಗೆ ಉತ್ತರ ಬರೆಯುವುದು ಜೈಲು.

ಹಾಗಂತ ಕುತೂಹಲ ಪ್ರಯೋಜನವಿಲ್ಲದ್ದಲ್ಲ. ಸೋಫಿ ಫಾನ್ ಸ್ಟುಮ್ ಮತ್ತು ಸಂಗಡಿಗರು 2011ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಬುದ್ಧಿ ಮತ್ತು ಶ್ರಮದ ಪಕ್ಕದಲ್ಲಿ ಬೌದ್ಧಿಕ ಕುತೂಹಲವನ್ನು ಓದಿನ ಮೂರನೇ ಕಂಬ ಅಂತ ಕರೆದರು. ಅಂಕಪಟ್ಟಿಯಲ್ಲಿ ಅದು ತಡವಾಗಿ ಕಾಣಿಸುತ್ತದೆ ಅಥವಾ ಕಾಣಿಸುವುದೇ ಇಲ್ಲ, ಏನು ಕೇಳುತ್ತೇವೆ ಅನ್ನುವುದರ ಮೇಲೆ ಅದು ನಿಂತಿದೆ. ಬಾಯಿಪಾಠ ಕೇಳುವ ಪ್ರಶ್ನೆಪತ್ರಿಕೆಯಲ್ಲಿ ಕುತೂಹಲಕ್ಕೆ ಅಂಕ ಎಲ್ಲಿಂದ ಬರಬೇಕು? ಇವನಿಗೆ ಬೇಕಿರುವುದು ಕುತೂಹಲ ಕಮ್ಮಿ ಮಾಡುವ ಪಾಠವಲ್ಲ, ದಿನಕ್ಕೆ ಅರ್ಧ ಗಂಟೆ ಬೇಜಾರಿನ ಕೆಲಸ ಮಾಡಿ ಮುಗಿಸುವ ಅಭ್ಯಾಸ. ಅರ್ಧ ಗಂಟೆ ಸಾಕು. ಆಮೇಲೆ ಕಪ್ಪು ರಂಧ್ರಕ್ಕೇ ಹೋಗಲಿ.

ಗ್ರಿಟ್ ಅಂತ ಎಲ್ಲರೂ ಹೇಳುತ್ತಾರೆ. ಅದೇನು ಹೊಸ ಗುಣವಾ?

ಹಳೆಯದಕ್ಕೆ ಹೊಸ ಹೆಸರು, ಹೆಚ್ಚುಕಮ್ಮಿ. ದೀರ್ಘಕಾಲ ಒಂದೇ ಗುರಿ ಹಿಡಿದು ಬಿಡದೆ ದುಡಿಯುವುದಕ್ಕೆ ಡಕ್‌ವರ್ತ್ ಮತ್ತು ಸಂಗಡಿಗರು 2007ರಲ್ಲಿ ಈ ಹೆಸರಿಟ್ಟರು. ಹತ್ತು ವರ್ಷದ ನಂತರ ಮಾರ್ಕಸ್ ಕ್ರೆಡೆ ಮತ್ತು ಸಂಗಡಿಗರು 66,000ಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದಾಗ ಗ್ರಿಟ್‌ಗೂ ಅಚ್ಚುಕಟ್ಟುತನಕ್ಕೂ ನಂಟು 0.84 ಬಂತು. ಅಂದರೆ ಎರಡೂ ಸರಿಸುಮಾರು ಒಂದೇ. ಗ್ರಿಟ್‌ನಲ್ಲಿ ಎರಡು ಭಾಗ ಇವೆ, ಪಟ್ಟು ಬಿಡದ ದುಡಿಮೆ ಮತ್ತು ಆಸಕ್ತಿ ಬದಲಾಗದೆ ಇರುವುದು. ಅಂಕದ ಜೊತೆ ನಂಟಿರುವುದು ಬಹುಪಾಲು ಮೊದಲನೆಯದಕ್ಕೆ. ಹದಿಮೂರರ ಮಗುವಿನ ಆಸಕ್ತಿ ಆರು ತಿಂಗಳಿಗೊಮ್ಮೆ ಬದಲಾದರೆ ಮೂಗು ಮುರಿಯಬೇಡಿ.

ಮಾರ್ಷ್‌ಮೆಲ್ಲೋ ಪರೀಕ್ಷೆ?

ಒಂದು ಸಿಹಿ ಈಗಲೇ ಬೇಕಾ, ಕಾದರೆ ಎರಡು ಕೊಡುತ್ತೇನೆ. ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿದ ಪ್ರಯೋಗ. ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲೆ ಬಂದರು ಅನ್ನುವ ಕಥೆ ಎಲ್ಲ ಕಡೆ ಹಬ್ಬಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯಲ್ಲಿ ಅದನ್ನೇ ಮತ್ತೆ ನೋಡಿದರು. ನಂಟು ಅರ್ಧಕ್ಕಿಳಿಯಿತು. ಮನೆಯ ಪರಿಸ್ಥಿತಿ, ಆ ಹೊತ್ತಿಗಾಗಲೇ ಇದ್ದ ಬುದ್ಧಿಶಕ್ತಿ ಇವನ್ನು ಲೆಕ್ಕಕ್ಕೆ ತಂದಾಗ ಉಳಿದದ್ದರಲ್ಲೂ ಮೂರರಲ್ಲಿ ಎರಡು ಪಾಲು ಹೋಯಿತು. ದೊಡ್ಡವರು ಕೊಟ್ಟ ಮಾತು ಉಳಿಸಿಕೊಳ್ಳದ ಮನೆಯಲ್ಲಿ ಬೆಳೆದ ಮಗು ಸಿಕ್ಕಿದ್ದನ್ನು ತಕ್ಷಣ ತಿನ್ನುವುದು ನನಗಂತೂ ಬುದ್ಧಿವಂತಿಕೆಯಾಗಿಯೇ ಕಾಣುತ್ತದೆ.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಸ್ವಭಾವ ಬದಲಾಗುತ್ತದಾ?

ಗಾದೆ ಅರ್ಧ ಸರಿ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವೆ ಈ ಐದು ಗುಣಗಳಲ್ಲಿ ಕಾಣುವ ವ್ಯತ್ಯಾಸದ ಶೇ 40ರಿಂದ 50ರಷ್ಟು ವಂಶವಾಹಿಗಳ ಕಡೆಯಿಂದ ಬಂದದ್ದು. ಉಳಿದದ್ದು ಬೇರೆ ಕಡೆಯಿಂದ. ವಂಶದಿಂದ ಬಂದದ್ದು ಕೂಡ ಕಲ್ಲಿನಲ್ಲಿ ಕೊರೆದದ್ದಲ್ಲ, ದೃಷ್ಟಿದೋಷ ವಂಶದಿಂದ ಬಂದರೂ ಕನ್ನಡಕ ಕೆಲಸ ಮಾಡುತ್ತದೆ.

2017ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 207 ಅಧ್ಯಯನಗಳನ್ನು ಕೂಡಿಸಿದರು. ಚಿಕಿತ್ಸೆ, ಆಪ್ತಸಲಹೆ ಇಂಥವುಗಳಿಂದ ಸರಾಸರಿ 24 ವಾರಗಳಲ್ಲಿ ಸ್ವಭಾವದಲ್ಲಿ ಅಳೆಯಬಹುದಾದ ಬದಲಾವಣೆ ಕಂಡಿತು. ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಆತಂಕದ ಗುಣ. ಅಚ್ಚುಕಟ್ಟುತನ ಅಷ್ಟು ಸುಲಭಕ್ಕೆ ಅಲುಗಲಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ನೇಥನ್ ಹಡ್ಸನ್ ಮತ್ತು ಸಂಗಡಿಗರ 2019ರ ಅಧ್ಯಯನ. ಕಾಲೇಜು ವಿದ್ಯಾರ್ಥಿಗಳು ತಮಗೆ ಬೇಕಾದ ಗುಣವನ್ನು ಆರಿಸಿಕೊಂಡು 15 ವಾರ, ವಾರ ವಾರವೂ ಸಣ್ಣ ಸಣ್ಣ ಕೆಲಸ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡು ಮಾಡಿ ಮುಗಿಸಿದವರ ಗುಣ ಬೇಕಾದ ಕಡೆಗೆ ಸರಿಯಿತು. ಒಪ್ಪಿಕೊಂಡು ಮಾಡದೇ ಬಿಟ್ಟವರಿಗೆ ಲಾಭವಾಗಲಿಲ್ಲ, ಕೆಲವು ಗುಣಗಳಲ್ಲಿ ಇನ್ನೂ ಹಿಂದಕ್ಕೆ ಹೋದದ್ದೂ ಉಂಟು. ಬದಲಾಗಬೇಕು ಅಂತ ಆಸೆಪಟ್ಟ ಮಾತ್ರಕ್ಕೆ ಏನೂ ಆಗಲಿಲ್ಲ. ಮನೆಯಲ್ಲಿ ಗಂಟೆಗಟ್ಟಲೆ ಕೊಡುವ ಉಪದೇಶದ ಬೆಲೆ ಎಷ್ಟು ಅಂತ ಇದರಿಂದ ಅಂದಾಜು ಮಾಡಬಹುದು.

ಹನ್ನೊಂದರವರೆಗೆ ಚಿನ್ನದಂಥ ಮಗು. ಈಗ ಹದಿಮೂರು, ಹೇಳಿದ್ದು ಕೇಳಲ್ಲ, ಓದಲ್ಲ. ಏನಾಯಿತು?

ಹದಿಮೂರು ಆಯಿತು, ಅಷ್ಟೇ. 2011ರಲ್ಲಿ ಕ್ರಿಸ್ಟೋಫರ್ ಸೋಟೊ ಮತ್ತು ಸಂಗಡಿಗರು 10ರಿಂದ 65 ವಯಸ್ಸಿನ 12 ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಬಾಲ್ಯದ ಕೊನೆಯಿಂದ ಹದಿಹರೆಯಕ್ಕೆ ಬರುವಾಗ ಅಚ್ಚುಕಟ್ಟುತನವೂ ಹೊಂದಿಕೊಳ್ಳುವ ಗುಣವೂ ಇಳಿಯುತ್ತವೆ, ಆಮೇಲೆ ಮತ್ತೆ ಏರುತ್ತವೆ. ಹಲವು ದೇಶಗಳು ಸೇರಿ ಕಟ್ಟಿಕೊಂಡ ಒಇಸಿಡಿ ಅನ್ನುವ ಸಂಸ್ಥೆ 2019ರಲ್ಲಿ 10 ನಗರಗಳಲ್ಲಿ 10 ಮತ್ತು 15 ವರ್ಷದ ಮಕ್ಕಳ ಸಮೀಕ್ಷೆ ಮಾಡಿದಾಗಲೂ ಹೆಚ್ಚಿನ ಗುಣಗಳಲ್ಲಿ 15ರವರು 10ರವರಿಗಿಂತ ಕೆಳಗಿದ್ದರು, ಕುತೂಹಲದಲ್ಲೂ.

ತಮಾಷೆ ಏನೆಂದರೆ ಪಾಠ ಕಷ್ಟವಾಗುವುದು, ಮನೆಗೆಲಸ ಹೆಚ್ಚುವುದು, ನಾವು ದೊಡ್ಡವರು "ಇನ್ನು ನೀನೇ ನೋಡ್ಕೋಬೇಕು" ಅಂತ ಕೈ ಬಿಡುವುದು, ಮೂರೂ ಸರಿಯಾಗಿ ಈ ತಗ್ಗಿನಲ್ಲೇ. ಕೈ ಬಿಡಬೇಕಾದದ್ದು ಆಗ ಅಲ್ಲ.

ಹುಡುಗಿಯರೇ ಯಾಕೆ ಯಾವಾಗಲೂ ಮುಂದೆ?

ಯಾವಾಗಲೂ ಅಲ್ಲ, ಆದರೆ ಶಾಲೆಯ ಗ್ರೇಡುಗಳಲ್ಲಿ ಸರಾಸರಿ ಅವರೇ ಮುಂದಿದ್ದಾರೆ. ಭಾಷೆಗಳಲ್ಲಿ ಅಂತರ ಜಾಸ್ತಿ, ಗಣಿತದಲ್ಲಿ ಕಮ್ಮಿ. ಡಕ್‌ವರ್ತ್ ಮತ್ತು ಸೆಲಿಗ್ಮನ್ 2006ರಲ್ಲಿ ಇದರ ಒಂದು ಪಾಲು ಸ್ವಯಂಶಿಸ್ತಿನಿಂದ ಬರುತ್ತದೆ ಅಂತ ತೋರಿಸಿದರು. ಎರಡು ಗುಂಪುಗಳ ನಡುವಿನ ಅಂತರಕ್ಕಿಂತ ಒಂದೊಂದು ಗುಂಪಿನ ಒಳಗಿನ ಅಂತರ ಎಷ್ಟೋ ದೊಡ್ಡದು, ಅಕ್ಕನನ್ನು ತೋರಿಸಿ ತಮ್ಮನಿಗೆ ಬೈಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ ಸ್ವಭಾವ ಪರೀಕ್ಷೆ ಮಾಡಿಸಿದೆ, ನಾಲ್ಕು ಅಕ್ಷರದ ಉತ್ತರ ಬಂತು. ನಂಬಬಹುದಾ?

ಮನರಂಜನೆಗೆ ಸರಿ. 16 ಬಗೆಯ ಮನುಷ್ಯರು ಅನ್ನುವ ಆ ಪದ್ಧತಿಯನ್ನು ಕಟ್ಟಿದ ತಾಯಿ ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, ಇಬ್ಬರೂ ಮನಃಶಾಸ್ತ್ರ ಓದಿದವರಲ್ಲ. ಅದು ಹೋಗಲಿ. ಒಂದು ಗೆರೆ ಎಳೆದು ಆಚೆ ಈಚೆ ಅಂತ ಭಾಗ ಮಾಡುತ್ತದಲ್ಲ, ತೊಂದರೆ ಅಲ್ಲಿದೆ. ಗೆರೆಯ ಹತ್ತಿರ ಇರುವವರೇ ಜಾಸ್ತಿ. ಕೆಲವು ವಾರ ಬಿಟ್ಟು ಮತ್ತೆ ಮಾಡಿದರೆ ಬಹಳ ಜನರಿಗೆ ಒಂದಾದರೂ ಅಕ್ಷರ ಬದಲಾಗಿರುತ್ತದೆ.

"ಆದರೆ ನನ್ನ ಬಗ್ಗೆ ಬರೆದದ್ದು ಎಷ್ಟು ಕರೆಕ್ಟಾಗಿದೆ ಗೊತ್ತಾ" ಅನ್ನುತ್ತೀರಿ. 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರದೇ ಅಂತ ಹೇಳಿ ಒಂದು ವರದಿ ಕೊಟ್ಟರು. ಎಷ್ಟು ಹೊಂದುತ್ತದೆ ಅಂತ ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು ಹುಡುಗರು. ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ.

ಮಗು ತಾನೇ ತುಂಬಿದ ಫಾರ್ಮ್ ನಂಬಬೇಕಾ, ಶಿಕ್ಷಕರು ಹೇಳಿದ್ದನ್ನಾ?

ಅಂಕದ ಮಟ್ಟಿಗೆ ಬೇರೆಯವರು ಹೇಳಿದ್ದು ಹೆಚ್ಚು ಹೊಂದುತ್ತದೆ. ಪೊರೊಪಾಟ್ 2014ರಲ್ಲಿ ತೋರಿಸಿದ್ದು ಇದು. ಮಕ್ಕಳು ತಮ್ಮನ್ನು ಅಕ್ಕಪಕ್ಕದವರ ಜೊತೆ ಹೋಲಿಸಿಕೊಳ್ಳುತ್ತಾರೆ, ಎಲ್ಲರೂ ಗಂಟೆಗಟ್ಟಲೆ ಓದುವ ತರಗತಿಯಲ್ಲಿ ಎರಡು ಗಂಟೆ ಓದುವವಳು ತನ್ನನ್ನು ಸೋಮಾರಿ ಅಂತ ಬರೆದುಕೊಳ್ಳುತ್ತಾಳೆ. ಆದರೆ ಶಿಕ್ಷಕರ ಮಾತಿಗೂ ಒಂದು ಚಿಟಿಕೆ ಉಪ್ಪು ಬೇಕು. ಅಂಕ ಕೊಡುವವರೂ ನಾವೇ, ಗುಣ ಹೇಳುವವರೂ ನಾವೇ. ಒಳ್ಳೆ ಅಂಕ ತೆಗೆದವನ ಗುಣವೆಲ್ಲ ನಮ್ಮ ಕಣ್ಣಿಗೆ ಒಳ್ಳೆಯದಾಗಿಯೇ ಕಾಣುತ್ತದೆ.

ಶಾಲೆಯವರು ಸ್ವಭಾವ ಪರೀಕ್ಷೆ ಮಾಡಿ ಮಕ್ಕಳನ್ನು ಬೇರೆ ಬೇರೆ ವಿಭಾಗಕ್ಕೆ ಹಾಕಬಹುದಾ?

ಬೇಡ. 100ರಲ್ಲಿ 41 ಮಕ್ಕಳ ವಿಷಯದಲ್ಲಿ ತಪ್ಪುವ ಅಳತೆ ಅದು. ಮೇಲಾಗಿ, ಉತ್ತರದ ಮೇಲೆ ಸೀಟು ನಿಂತಿದೆ ಅಂತ ಗೊತ್ತಾದ ದಿನವೇ ಎಲ್ಲರೂ "ನಾನು ಅಚ್ಚುಕಟ್ಟು" ಅಂತ ಟಿಕ್ ಹಾಕುತ್ತಾರೆ.

ಸರಿ, ಮನೆಯಲ್ಲಿ ಏನು ಮಾಡೋಣ? ಅದನ್ನ ಹೇಳಿ.

ಸ್ವಭಾವ ತಿದ್ದಲು ಹೋಗಬೇಡಿ. ಅಚ್ಚುಕಟ್ಟಾದ ಮಗು ಏನೇನು ಮಾಡುತ್ತದೋ ಅದರಲ್ಲಿ ಒಂದೆರಡನ್ನು ನಿಮ್ಮ ಮಗುವಿಗೆ ಸುಲಭ ಮಾಡಿಕೊಡಿ. ಅಂಕಕ್ಕೆ ಬೇಕಿರುವುದು ಆ ಕೆಲಸಗಳು, ಅವನ್ನು ಮಾಡಲು ಅದೇ ಸ್ವಭಾವ ಇರಲೇಬೇಕು ಅಂತಿಲ್ಲ.

ಮೊದಲನೆಯದು ಜಾಗ. ಫೋನು ಮೇಜಿನ ಮೇಲಿಟ್ಟುಕೊಂಡು ಮುಟ್ಟದೆ ಕೂರುವುದು ಒಂದು ಶಕ್ತಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಂದು ಕೂರುವುದು ಬರೀ ಉಪಾಯ. ಡಕ್‌ವರ್ತ್ ಅವರ ತಂಡವೇ 2016ರಲ್ಲಿ ವಿದ್ಯಾರ್ಥಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿತು, ಉಪಾಯ ಗೆದ್ದಿತು. ಸಂಯಮ ಜಾಸ್ತಿ ಇರುವವರು ದಿನವಿಡೀ ಹಲ್ಲು ಕಚ್ಚಿ ಹೋರಾಡುತ್ತಿರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರ ಗುಟ್ಟು ಬಹುಪಾಲು ಅಭ್ಯಾಸ, ಹೋರಾಟ ಬರದ ಹಾಗೆ ಮೊದಲೇ ನೋಡಿಕೊಂಡಿರುತ್ತಾರೆ.

ಎರಡನೆಯದು "ಹೀಗಾದಾಗ ಹೀಗೆ" ಅನ್ನುವ ಒಂದು ಸಾಲು. "ಚೆನ್ನಾಗಿ ಓದ್ತೀನಿ" ಅನ್ನುವ ಶಪಥ ಬೇಡ. "ಸಂಜೆ ಕೈಕಾಲು ತೊಳೆದ ತಕ್ಷಣ ಗಣಿತದ ಮೂರು ಲೆಕ್ಕ" ಅಂತ ಯಾವಾಗ, ಎಲ್ಲಿ, ಏನು ಮೂರನ್ನೂ ಕಟ್ಟಿಹಾಕಿ. ಪೀಟರ್ ಗೋಲ್‌ವಿಟ್ಸರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇಂಥ 94 ಪ್ರಯೋಗಗಳನ್ನು ಕೂಡಿಸಿದಾಗ ಪರಿಣಾಮ ಸಾಕಷ್ಟು ದೊಡ್ಡದಾಗಿಯೇ ಕಂಡಿತು. ಮೂರು ಲೆಕ್ಕ ಅಂದರೆ ಮೂರೇ, ಮುಗಿದ ಮೇಲೆ "ಇನ್ನೆರಡು ಮಾಡು" ಅಂದಿರೋ, ನಾಳೆಯಿಂದ ಆ ಸಾಲು ಸತ್ತಂತೆ.

ಮೂರನೆಯದು ನನ್ನದೇ ಅಭಿಪ್ರಾಯ: ನೆನಪಿಸುವ ಕೆಲಸವನ್ನು ಅಮ್ಮನ ಬಾಯಿಂದ ಗೋಡೆಗೆ ವರ್ಗಾಯಿಸಿ. ಒಂದು ಹಾಳೆ, ವಾರದ ಕೆಲಸಗಳು, ಮುಗಿದದ್ದಕ್ಕೆ ಗೆರೆ. ಗೋಡೆಯ ಜೊತೆ ಯಾರೂ ಜಗಳ ಆಡುವುದಿಲ್ಲ.

ಇದೆಲ್ಲ ಮಾಡಿಯೂ ಏನೂ ಆಗಲಿಲ್ಲ. ಸೋಮಾರಿ ಅಷ್ಟೇ ಅನ್ನಬಹುದಾ?

ಅದಕ್ಕೆ ಮುಂಚೆ ಬೇರೆಯದನ್ನು ನೋಡಿ. ಬೋರ್ಡು ಕಾಣುತ್ತಿದೆಯಾ? ಕಿವಿ ಸರಿಯಿದೆಯಾ? ರಾತ್ರಿ ಎಷ್ಟು ಗಂಟೆ ನಿದ್ದೆ? ತರಗತಿಯಲ್ಲಿ ಯಾರಾದರೂ ಕಾಡುತ್ತಿದ್ದಾರಾ? ಓದುವಾಗ ಅಕ್ಷರಗಳೇ ಕೈಕೊಡುತ್ತಿವೆಯಾ, ಅಂದರೆ ಡಿಸ್‌ಲೆಕ್ಸಿಯಾ ಥರದ್ದು ಇದೆಯಾ? ಗಮನ ಕೊಡುವುದೇ ಕಷ್ಟವಾಗುವ ಎಡಿಎಚ್‌ಡಿ ಹೊರಗಿನಿಂದ ನೋಡಿದರೆ ಥೇಟ್ ಅಶಿಸ್ತಿನ ಹಾಗೇ ಕಾಣುತ್ತದೆ. ಮನೆಯಲ್ಲಿ ಜಗಳ, ಸಾವು, ಸಾಲ ಏನಾದರೂ ನಡೆದಿದ್ದರೆ ಮಗುವಿನ ತಲೆ ಅಲ್ಲಿರುತ್ತದೆ. "ಇದ್ದಕ್ಕಿದ್ದಂತೆ ಸೋಮಾರಿ ಆದ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಯಾವಾಗಿನಿಂದ ಅಂತ. ಸ್ವಭಾವ ಒಂದು ತಿಂಗಳಲ್ಲಿ ಬದಲಾಗುವುದಿಲ್ಲ. ತಾರೀಖು ಇದೆ ಅಂದರೆ ಕಾರಣವೂ ಇದೆ.

ಅಚ್ಚುಕಟ್ಟುತನ ಅತಿಯಾದರೆ?

ಇದನ್ನು ಕೇಳುವವರು ತೀರಾ ಕಮ್ಮಿ, ಯಾಕೆಂದರೆ ಆ ಮಕ್ಕಳಿಂದ ಯಾರಿಗೂ ತೊಂದರೆ ಇಲ್ಲ. ಒಂದು ಅಕ್ಷರ ಓರೆಯಾಯಿತು ಅಂತ ಇಡೀ ಹಾಳೆ ಹರಿದು ಮತ್ತೆ ಬರೆಯುವವಳು, 96 ಬಂದ ದಿನ ಆ ನಾಲ್ಕಕ್ಕೆ ಅಳುವವನು, ತಪ್ಪಾದೀತು ಅಂತ ಗೊತ್ತಿಲ್ಲದ ಪ್ರಶ್ನೆಯನ್ನು ಮುಟ್ಟದೇ ಬಿಡುವವಳು. ಗುರಿ ಎತ್ತರ ಇಟ್ಟುಕೊಳ್ಳುವುದು ಬೇರೆ, ತಪ್ಪಿಗೆ ಹೆದರಿ ಬದುಕುವುದು ಬೇರೆ, ಎರಡನೆಯದು ಆತಂಕದ ಕಡೆಯ ಗುಣ. ಇಂಥ ಮಗುವಿಗೆ ನಾನು ಪೆನ್ಸಿಲ್, ರಬ್ಬರ್ ಎರಡನ್ನೂ ತೆಗೆದಿಟ್ಟು ಪೆನ್ನು ಕೊಟ್ಟು, "ಇದು ರಫ್, ಯಾರೂ ನೋಡಲ್ಲ, ಹತ್ತು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು" ಅನ್ನುತ್ತೇನೆ. ಮೊದಲ ವಾರ ಕಷ್ಟಪಡುತ್ತಾರೆ. ಎರಡನೇ ವಾರದಲ್ಲಿ ಹಾಳೆಯ ತುಂಬ ಗೀಚು ಬೀಳುತ್ತದೆ, ನೋಡಲು ಚೆನ್ನಾಗಿರುತ್ತದೆ.